ಹಾಲು, ರಾಗಿ ಬಿಟ್ಟರೆ ಕ್ಯಾಲ್ಸಿಯಂ ಗಂಟು ಕರಗುವುದಿಲ್ಲ

ಸಿಸ್ಟಮಿಕ್ ಸ್ಕ್ಲಿರೋಸಿಸ್ (ಚರ್ಮ ಗಡುಸಾಗುವ ಕಾಯಿಲೆ) ಇರುವವರ ಬೆರಳ ತುದಿಯಲ್ಲೋ ಮೊಣಕೈಯಲ್ಲೋ, ಅಪರೂಪಕ್ಕೆ ಮುಖದ ಮೇಲೋ ಗಟ್ಟಿ ಗಂಟು ಕಾಣಿಸುತ್ತದೆ. ಎಕ್ಸ್‌ರೇ ತೆಗೆದಾಗ ಅದು ಕ್ಯಾಲ್ಸಿಯಂ ಎಂದು ಗೊತ್ತಾಗುತ್ತದೆ. ಅಂದಿನಿಂದಲೇ ಮನೆಯಲ್ಲಿ ಪಥ್ಯ ಶುರು. ಹಾಲು ಬೇಡ, ಮೊಸರು ಬೇಡ, ಮುದ್ದೆ ಬೇಡ, ಕೊನೆಗೆ ವೈದ್ಯರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಯೂ ಬೇಡ. ‘ಮೈಯಲ್ಲಿ ಕ್ಯಾಲ್ಸಿಯಂ ಜಾಸ್ತಿಯಾಗಿದೆ, ಇನ್ನೂ ತಿಂದರೆ ಇನ್ನೂ ಕಟ್ಟುತ್ತೆ’ ಎಂಬ ಈ ಮಾತು ಕೇಳಿ ಕೇಳಿ ರೋಸಿಹೋಗಿದೆ.

ಅವರ ರಕ್ತ ಪರೀಕ್ಷೆಯ ವರದಿಯನ್ನು ಒಮ್ಮೆ ತೆರೆದು ನೋಡಿ. ಸಾಮಾನ್ಯವಾಗಿ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಸರಿಯಾದ ಮಟ್ಟದಲ್ಲೇ ಇರುತ್ತವೆ. (ಕಿಡ್ನಿ ಕೆಟ್ಟವರಲ್ಲಿ ಫಾಸ್ಫೇಟ್ ಏರಿ ಕಟ್ಟುವ ಗಂಟಿನ ಕತೆಯೇ ಬೇರೆ.) ಹಾಗಾದರೆ ಗಂಟು ಎಲ್ಲಿಂದ ಬಂತು? ಈ ಕಾಯಿಲೆಯಲ್ಲಿ ಸಣ್ಣ ರಕ್ತನಾಳಗಳು ಕಿರಿದಾಗಿ ಚರ್ಮದಡಿಯ ಅಂಗಾಂಶಕ್ಕೆ ರಕ್ತ ಸಾಲದೆ ಹೋಗುತ್ತದೆ. ಹಾಗೆ ಕೆಟ್ಟ ಜಾಗದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಹರಳಾಗಿ ಕೂರುತ್ತದೆ. ಬೆರಳ ತುದಿ, ಮೊಣಕೈಯಂಥ, ಮತ್ತೆ ಮತ್ತೆ ಒತ್ತಡ ಬಿದ್ದು ನೋಯುವ ಕಡೆಯೇ ಗಂಟು ಹೆಚ್ಚು. ಬೆರಳ ತುದಿಯಲ್ಲಿ ಹುಣ್ಣಾದವರಲ್ಲೂ, ಬಹಳ ವರ್ಷಗಳಿಂದ ಕಾಯಿಲೆ ಇರುವವರಲ್ಲೂ ಇದು ಹೆಚ್ಚಾಗಿ ಕಾಣುವುದು ಅದಕ್ಕೇ. ತಟ್ಟೆಯಲ್ಲಿರುವ ರಾಗಿಗೂ ಇದಕ್ಕೂ ಸಂಬಂಧವಿಲ್ಲ.

ಪಥ್ಯದಿಂದ ಪೆಟ್ಟು ಬೀಳುವುದು ಮೂಳೆಗೆ. ಈ ರೋಗಿಗಳಲ್ಲಿ ಮೂಳೆ ಸವೆತ ಮೊದಲೇ ಹೆಚ್ಚು, ವಿಟಮಿನ್ ಡಿ ಕೊರತೆಯೂ ಸಾಮಾನ್ಯ. ಕರುಳಿಗೂ ಕಾಯಿಲೆ ತಗುಲಿದ್ದರೆ ತಿಂದದ್ದು ಪೂರ್ತಿ ಮೈಗೆ ಹತ್ತುವುದಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಅಂಥದ್ದನ್ನು ಇವರಿಂದ ಕಿತ್ತುಕೊಂಡರೆ ಗಂಟು ಇದ್ದಲ್ಲೇ ಇರುತ್ತದೆ, ಮೂಳೆ ಮಾತ್ರ ಟೊಳ್ಳಾಗುತ್ತದೆ.

ಹಲ್ಲಿನ ವಿಚಾರದಲ್ಲೂ ಇದೇ ಗೊಂದಲ. ಹಲ್ಲಿನ ಬುಡದಲ್ಲಿ ಕಟ್ಟುವ ಟಾರ್ಟರ್ ಚರ್ಮದಡಿಯ ಗಂಟಿನ ತಮ್ಮನಲ್ಲ. ಅದು ಹಲ್ಲಿಗೆ ಅಂಟಿದ ಪಾಚಿಯ ಮೇಲೆ ಜೊಲ್ಲಿನ ಖನಿಜ ಕೂತು ಗಟ್ಟಿಯಾದದ್ದು, ಯಾರಿಗಾದರೂ ಕಟ್ಟುತ್ತದೆ. ಈ ರೋಗಿಗಳಲ್ಲಿ ಹಲವರಿಗೆ ಬಾಯಿ ಪೂರ್ತಿ ಅಗಲಿಸಲು ಆಗುವುದಿಲ್ಲ, ಸೆಟೆದ ಬೆರಳಲ್ಲಿ ಬ್ರಷ್ ನಿಲ್ಲುವುದಿಲ್ಲ. ಹಾಗಾಗಿ ಪಾಚಿ ಉಳಿದುಬಿಡುತ್ತದೆ. ನಿಜ ಹೇಳಬೇಕೆಂದರೆ ಈ ಕಾಯಿಲೆಯಲ್ಲಿ ಕೆಲವರ ದವಡೆಯ ಮೂಳೆ ಕರಗುತ್ತದೆ, ಬೆಳೆಯುವುದಿಲ್ಲ. ಟಾರ್ಟರ್ ಹೋಗಲೆಂದು ನಿಂಬೆರಸ ಉಜ್ಜುವವರು, ಹೊಟ್ಟೆಯಿಂದ ಮೇಲೇರುವ ಆಮ್ಲಕ್ಕೆ ಮೊದಲೇ ಸವೆದ ಎನಾಮಲ್ಲನ್ನು ಇನ್ನಷ್ಟು ಸವೆಸುತ್ತಾರೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂಬುದೂ ಸುಳ್ಳು.

ಇನ್ನು ‘ಕ್ಯಾಲ್ಸಿಯಂ ಕರಗಿಸುವ’ ಪುಡಿಗಳು. ಡಿಲ್ಟಿಯಾಜೆಮ್‌ನಂಥ ಔಷಧಿ ಕೊಟ್ಟು ನೋಡಿದ್ದಾರೆ, ತೀರಾ ತೊಂದರೆ ಕೊಡುವ ಗಂಟನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆಯುತ್ತಾರೆ. ಎಲ್ಲರಲ್ಲೂ ಖಚಿತವಾಗಿ ಕರಗಿಸುವ ಮದ್ದು ಸಂಧಿವಾತ ತಜ್ಞರ ಕೈಯಲ್ಲೇ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಪುಡಿ ಅದನ್ನು ಮಾಡುತ್ತದೆಂದು ಓದು ಬರಹ ಬಲ್ಲವರೂ ನಂಬಿ ದುಡ್ಡು ಸುರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ವರದಿ ಓದಲು ಇಲ್ಲದ ಪುರುಸೊತ್ತು ಫಾರ್ವರ್ಡ್ ಮಾಡಲು ಎಲ್ಲಿಂದ ಬರುತ್ತದೆ?

ಗಂಟು ಒಡೆದು ಎಲೆಗೆ ಹಚ್ಚುವ ಸುಣ್ಣದಂಥ ಬಿಳಿ ಪದಾರ್ಥ ಬಂದರೆ ಕೀವೆಂದುಕೊಂಡು ಹಿಚುಕಬೇಡಿ, ಸೂಜಿ ಚುಚ್ಚಬೇಡಿ. ಕೈ ಬೆಚ್ಚಗಿಡಿ, ಬೀಡಿ ಸಿಗರೇಟು ಬಿಡಿ. ಗಂಟಿನ ಸುತ್ತ ಕೆಂಪಾಗಿ, ಬಿಸಿಯಾಗಿ, ನೋವು ಏರಿದರೆ ಅದು ಸೋಂಕಿರಬಹುದು; ಅಂದೇ ವೈದ್ಯರಿಗೆ ತೋರಿಸಿ.