ಮಗಳ ಇಂಗ್ಲಿಷ್ ಪ್ಯಾಸೇಜೂ ನನ್ನ ರೊಟ್ಟಿ ಹಂಚೂ

ನಿಮ್ಮ ಮನೆಯಲ್ಲೂ ಪಿಯುಸಿ ಮುಗಿಸಿದ ಮಗಳೋ ಮಗನೋ ಇದ್ದರೆ, ಇಂಗ್ಲಿಷ್ ಪರೀಕ್ಷೆಯ ಹೆಸರೆತ್ತಿದೊಡನೆ ಮುಖ ಸಣ್ಣದಾಗುವುದನ್ನು ನೀವು ಕಂಡಿರುತ್ತೀರಿ. ಪಾಠದಿಂದ ಬರುವ ಪ್ರಶ್ನೆಗಳನ್ನು ಹೇಗೋ ಬಾಯಿಪಾಠ ಮಾಡಿ ದಾಟಿಬಿಡುತ್ತಾರೆ. ಎಂದೂ ಕಂಡಿರದ ಒಂದು ಗದ್ಯಭಾಗ ಕೊಟ್ಟು, ಓದಿ ಉತ್ತರಿಸಿ ಎಂದಾಗಲೇ ಕೈ ನಡುಗುವುದು. ಮಕ್ಕಳ ಬಾಯಲ್ಲಿ ಅದು 'ಪ್ಯಾಸೇಜ್'. ಅದನ್ನು ಬಾಯಿಪಾಠ ಮಾಡಲು ಬರುವುದಿಲ್ಲವಲ್ಲ!

ಇದನ್ನೆಲ್ಲ ಹೇಳಲು ಈಕೆ ಯಾರು ಎಂದು ನೀವು ಕೇಳಬಹುದು. ನ್ಯಾಯವೇ. ನಾನು ಓದಿದ್ದು ಮಸ್ಕಿಯಲ್ಲಿ, ಕನ್ನಡ ಮಾಧ್ಯಮದಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಇಂಗ್ಲಿಷಿನಲ್ಲಿ ಬಂದ ಅಂಕ 38. ಮದುವೆಯಾಗಿ ಸಿಂಧನೂರಿನ ಕಡೆಯ ಈ ಹಳ್ಳಿಗೆ ಬಂದ ಮೇಲೆ ಇಂಗ್ಲಿಷ್ ಓದಿದ್ದೆಂದರೆ ಔಷಧಿ ಡಬ್ಬಿ, ಗೊಬ್ಬರದ ಚೀಲ, ಅಷ್ಟೆ. ಆದರೆ ಕಳೆದೊಂದು ವರ್ಷ ಮಗಳ ಜೊತೆ ಕೂತು ನಾನು ಕಲಿತದ್ದು, ನನ್ನಂಥ ಬೇರೆ ತಾಯಂದಿರಿಗೂ ಉಪಯೋಗಕ್ಕೆ ಬಂದೀತು ಎನಿಸಿ ಬರೆಯುತ್ತಿದ್ದೇನೆ.

ಮಗಳು ಪಿಯುಸಿ ಓದಿದ್ದು ಲಿಂಗಸೂಗೂರಿನಲ್ಲಿ, ನಾದಿನಿಯ ಮನೆಯಲ್ಲಿದ್ದುಕೊಂಡು. ಒಳ್ಳೆಯ ಅಂಕಗಳೇ ಬಂದವು. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿ 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಇದೆಯಲ್ಲ, ಅಲ್ಲಿ ಡಿಗ್ರಿ ಓದಬೇಕೆಂಬುದು ಅವಳ ಆಸೆ. ಅಂಥ ಕಡೆ ಸೇರಲು ಪಿಯುಸಿ ಅಂಕ ಸಾಲದು. 2022ರಿಂದ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ನಡೆಸುತ್ತಿದ್ದಾರೆ. ಅದರಲ್ಲಿ ಕನ್ನಡವೂ ಸೇರಿ ಹದಿಮೂರು ಭಾಷೆಗಳ ಪತ್ರಿಕೆಗಳುಂಟು. ಮಗಳು ಇಂಗ್ಲಿಷನ್ನೇ ಆರಿಸಿಕೊಂಡಿದ್ದಳು. 2025ರ ಲೆಕ್ಕದಂತೆ ಒಂದು ಪತ್ರಿಕೆಗೆ ಐವತ್ತು ಪ್ರಶ್ನೆ, ಅರವತ್ತು ನಿಮಿಷ. ಸರಿ ಉತ್ತರಕ್ಕೆ ಐದಂಕ, ತಪ್ಪಿದರೆ ಒಂದಂಕ ಕಳೆಯುತ್ತಾರೆ. ಬರೆಯುವುದು ಕಂಪ್ಯೂಟರಿನ ಮುಂದೆ ಕೂತು. ಇಂಗ್ಲಿಷ್ ಪತ್ರಿಕೆಯಲ್ಲಿ ಪ್ಯಾಸೇಜುಗಳದೇ ದೊಡ್ಡ ಪಾಲು: ಮಾಹಿತಿಯದೊಂದು, ಕಥನದ್ದೊಂದು, ಸಾಹಿತ್ಯದ್ದೊಂದು ಹೀಗೆ.

ಮೊದಲ ಸಲ ಇಂಗ್ಲಿಷಿನಲ್ಲೇ ಮುಗ್ಗರಿಸಿದಳು. ಸೀಟು ಸಿಗಲಿಲ್ಲ. ಅದರ ದಾರಿ ಕಾಯುತ್ತ ಊರ ಕಾಲೇಜಿಗೆ ಅರ್ಜಿ ಹಾಕುವ ದಿನವೂ ದಾಟಿಹೋಗಿತ್ತು. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಎಂದರೆ ನೆಂಟರ ಕಣ್ಣು ಎಲ್ಲಿ ಹೋಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ದೀಪಾವಳಿಯ ಹೊತ್ತಿಗೆ ಒಂದು ಒಳ್ಳೆಯ ಸಂಬಂಧವೇ ಬಂತು. ನಮ್ಮವರು ಕೆಟ್ಟವರಲ್ಲ. "ಇನ್ನೊಂದು ಸಲ ಬರೀಲಿ. ಆಮ್ಯಾಲ ಮಾತ್ರ ನಾ ಅವರಿಗೆ ಒಲ್ಲೆ ಅನ್ನಾಕ ಆಗೂದಿಲ್ಲ" ಎಂದರು. ಅಂದಿನಿಂದ ಮಗಳು ಊಟ ಬಿಟ್ಟಳು, ಓದು ಹಿಡಿದಳು.

ಓದು ಎಂದರೇನು? ಹಿಂದಿನ ವರ್ಷ ಸೇರಿದ್ದ ಒಂದು ಕೋಚಿಂಗ್ ಕ್ಲಾಸಿನವರು ಕೊಟ್ಟಿದ್ದ ಸಾವಿರ ಪದಗಳ ಪಟ್ಟಿ. ಅದನ್ನೇ ಮತ್ತೆ ಉರು ಹೊಡೆಯುವುದು. ಕಷ್ಟದ ಪದ, ಅದರ ಅರ್ಥ, ವಿರುದ್ಧ ಪದ. ಪದ ಬೇಡವೆನ್ನುವುದಿಲ್ಲ. ಆದರೆ ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೇ ಕೂತು ಪ್ಯಾಸೇಜ್ ಬಿಡಿಸುತ್ತಿದ್ದವಳು, ಹಿಂದಿನ ಪುಟದ ಉತ್ತರ ನೋಡಿ ಪುಸ್ತಕ ಎಸೆದುಬಿಟ್ಟಳು. "ಈ ಪುಸ್ತಕನ ತಪ್ಪೈತಿ ಅವ್ವಾ!" ಏನೆಂದು ಕೇಳಿದರೆ, ಪ್ಯಾಸೇಜ್ ಭತ್ತದ ಬಗ್ಗೆಯಂತೆ. ಪ್ರಶ್ನೆ, ಅಲ್ಲಿನ ರೈತರು ವರ್ಷಕ್ಕೆ ಎಷ್ಟು ಬೆಳೆ ತೆಗೆಯುತ್ತಾರೆ? ಮಗಳು ಎರಡು ಎಂದಿದ್ದಳು. ಪುಸ್ತಕದ ಉತ್ತರ ಒಂದು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಹುಡುಗಿ! ಡ್ಯಾಮಿನಲ್ಲಿ ನೀರಿದ್ದ ವರ್ಷ ನಾವು ಎರಡು ಬೆಳೆ ತೆಗೆಯುತ್ತೇವೆ. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಉತ್ತರ ನಮ್ಮ ಹೊಲದ್ದು, ಪ್ರಶ್ನೆ ಪ್ಯಾಸೇಜಿನದು. ನಾನು ರೊಟ್ಟಿ ತಿರುವಿ ಹಾಕುತ್ತ ಸುಮ್ಮನೆ ಕೇಳಿದೆ: "ಎರಡು ಅಂತ ಅದರಾಗ ಎಲ್ಲಿ ಬರದೈತಿ, ತೋರ್ಸು." ಬೆರಳಿಟ್ಟು ಹುಡುಕಿದಳು, ಹುಡುಕಿದಳು. ಇರಲಿಲ್ಲ. ಮೂರನೆಯ ಸಾಲಿನಲ್ಲಿ ಒಂದೇ ಬೆಳೆ ಎಂದು ಸ್ಪಷ್ಟವಾಗಿತ್ತು. ಅದನ್ನು ಓದಿಯೂ ಇದ್ದಳು, ಆದರೆ ನಮ್ಮ ಹೊಲ ಅಡ್ಡ ಬಂದಿತ್ತು.

ಅಂದಿನಿಂದ ನಾವು ಹಿಡಿದ ಪದ್ಧತಿ ಇದೊಂದೇ. ಅವಳು ಇಂಗ್ಲಿಷಿನಲ್ಲಿ ಓದಬೇಕು, ಏನು ಓದಿದೆನೆಂದು ನನಗೆ ಕನ್ನಡದಲ್ಲಿ ಹೇಳಬೇಕು. ಪ್ರಶ್ನೆ, ಉತ್ತರ ಎರಡನ್ನೂ ಹೇಳಬೇಕು. ನಾನು ಪ್ರತಿ ಸಲವೂ ಕೇಳುವೆ, ಎಲ್ಲಿ ಬರದೈತಿ? ಸಾಲಿನ ಕೆಳಗೆ ಸೀಸದ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರೆ ಮಾತ್ರ ಉತ್ತರ ಒಪ್ಪಿಗೆ. ಇದಕ್ಕೆ ತಾಯಿಗೆ ಇಂಗ್ಲಿಷ್ ಬರಬೇಕಾಗಿಲ್ಲ ನೋಡಿ, ತಾಳ್ಮೆ ಇದ್ದರಾಯಿತು. ನಿಜ ಹೇಳಬೇಕೆಂದರೆ ಇಂಗ್ಲಿಷ್ ಬರದಿದ್ದದ್ದೇ ಒಳ್ಳೆಯದಾಯಿತು. ನನಗೆ ತಿಳಿಯುವಂತೆ ಬಿಡಿಸಿ ಹೇಳುವಾಗಲೇ ಅವಳಿಗೆ ತಾನು ಎಲ್ಲಿ ಮುಗ್ಗರಿಸಿದೆ ಎಂದು ಹೊಳೆಯುತ್ತಿತ್ತು.

ಅರ್ಥ ತಿಳಿಯದ ಪದ ಬಂದರೆ ಅವಳು ಅಲ್ಲೇ ನಿಂತುಬಿಡುತ್ತಿದ್ದಳು. ಅದಕ್ಕೆ ನಮ್ಮ ಓರಗಿತ್ತಿಯ ಕತೆ ಹೇಳಿದೆ. ಆಕೆ ಮೈಸೂರು ಕಡೆಯವಳು. ಬಂದ ಹೊಸದರಲ್ಲಿ ನಮ್ಮತ್ತೆ, "ಕೋಳಿ ಮೂರು ತತ್ತಿ ಇಟ್ಟಿತ್ತು, ಒಂದು ಒಡದು ಹೋತು" ಎಂದರು. ತತ್ತಿ ಎಂದರೆ ಮೊಟ್ಟೆ ಎಂದು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೋಳಿ ಇಡುವಂಥದ್ದು, ಒಡೆಯುವಂಥದ್ದು ಇನ್ನೇನಿದ್ದೀತು? ನಿಘಂಟು ಬೇಕಾಯಿತೇ? ಇಂಗ್ಲಿಷಿನಲ್ಲೂ ಹಾಗೆಯೇ ಅಕ್ಕಪಕ್ಕದ ಮಾತು ನೋಡಿ ಅರ್ಥ ಹಿಡಿಯಬೇಕು. ಎಲ್ಲ ಪದವೂ ಹೀಗೆ ಸಿಗುವುದಿಲ್ಲ, ಸಿಗದಿದ್ದರೆ ಬಿಟ್ಟು ಮುಂದೆ ಹೋಗಬೇಕು. ಎಷ್ಟೋ ಸಲ ಆ ಪದದ ಮೇಲೆ ಪ್ರಶ್ನೆಯೇ ಇರುವುದಿಲ್ಲ.

ದೊಡ್ಡ ಪದಗಳಿಗಿಂತ ಮೋಸ ಮಾಡುವುದು ಚಿಕ್ಕ ಪದಗಳೇ. ಬಟ್, ಹೌಎವರ್, ಆಲ್ದೋ, ಅನ್‌ಲೆಸ್ ಇವು ಬಂದಲ್ಲಿ ಮಾತು ಹೊರಳುತ್ತದೆ. ಆಲ್, ಓನ್ಲಿ, ನೆವರ್ ಎಂಬವು ಉತ್ತರದಲ್ಲಿ ಕಂಡರೆ ಎರಡೆರಡು ಸಲ ನೋಡಬೇಕು. ಪ್ರಶ್ನೆಯಲ್ಲಿ ನಾಟ್ ಎಂದು ಇದ್ದದ್ದನ್ನು ಅವಸರದಲ್ಲಿ ನುಂಗಿಬಿಟ್ಟರಂತೂ ಮುಗಿಯಿತು. ಇಟ್, ದೇ, ದಿಸ್ ಎಂದಾಗ ಅದು ಯಾವುದು, ಅವರು ಯಾರು ಎಂದು ಬಾಣದ ಗುರುತು ಹಾಕಿಸುತ್ತಿದ್ದೆ.

ಇದೆಲ್ಲ ಚೆನ್ನಾಗಿ ಮನಸ್ಸಿಗೆ ಹತ್ತಿದ್ದು ನನ್ನ ತವರಿನ ಕಲ್ಲಿನಿಂದ ಎಂದರೆ ನಗಬೇಡಿ. ಸಂಕ್ರಾಂತಿಗೆ ಮಸ್ಕಿಗೆ ಹೋಗಿದ್ದಾಗ ಅಲ್ಲಿನ ಅಶೋಕನ ಶಾಸನದ ಮೇಲೆ ನಾಲ್ಕು ಸಾಲಿನ ಪ್ಯಾಸೇಜನ್ನು ನಾವೇ ಕನ್ನಡದಲ್ಲಿ ಬರೆದೆವು. ನೀವೂ ಓದಿ ನೋಡಿ:

ಮಸ್ಕಿಯ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಶಾಸನವೊಂದಿದೆ. ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರು 1915ರಲ್ಲಿ ಅದನ್ನು ಕಂಡರು. ಅಲ್ಲಿಯವರೆಗೆ ಸಿಕ್ಕಿದ್ದ ಇಂಥ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಇದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಆದರೆ ಪ್ರಿಯದರ್ಶಿ ಎಂದರೆ ಅಶೋಕನೇ ಎಂದು ವಿದ್ವಾಂಸರು ಅದಕ್ಕೂ ಮೊದಲೇ ತರ್ಕಿಸಿದ್ದರು.

ಈಗ ಪ್ರಶ್ನೆಗಳು. ಶಾಸನವನ್ನು ಮೊದಲು ಓದಿದವರು ಬೀಡನ್, ಹೌದೋ ಅಲ್ಲವೋ? ಮಗಳು ಹೌದು ಎಂದಳು. ಎಲ್ಲಿ ಬರದೈತಿ? ಕಂಡರು ಎಂದಿದೆ, ಓದಿದರು ಎಂದಿಲ್ಲ. ಕಾಣುವುದು ಬೇರೆ, ಓದುವುದು ಬೇರೆ.

ಅಶೋಕ ಮಸ್ಕಿಗೆ ಬಂದಿದ್ದನೇ? ನನ್ನ ತಮ್ಮ ಒಳಗಿನಿಂದಲೇ ಕೂಗಿದ, "ಬರದ ಹ್ಯಾಂಗ ಬರಸ್ತಾನ!" ಊರಿನ ಅಭಿಮಾನ ಇರಲಿ, ಪ್ಯಾಸೇಜಿನಲ್ಲಿ ಆ ಮಾತೇ ಇಲ್ಲ. ಹೌದೂ ಅಲ್ಲ, ಅಲ್ಲವೂ ಅಲ್ಲ. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಂತೂ ಸರಿ, ತಪ್ಪು, ಹೇಳಿಲ್ಲ ಎಂದು ಮೂರು ಉತ್ತರ ಇರುವ ಪ್ರಶ್ನೆಗಳೇ ಇವೆಯಂತೆ. ಸಿಯುಇಟಿಗೂ ಈ ಅಭ್ಯಾಸ ಒಳ್ಳೆಯದೇ.

ಅಶೋಕನ ಹೆಸರಿರುವ ಶಾಸನ ಮಸ್ಕಿಯಲ್ಲಿ ಮಾತ್ರ ಇದೆಯೇ? ನಾನೇ ಹೌದು ಎಂದೆ, ಶಾಲೆಯಲ್ಲಿ ಕಲಿತದ್ದು ಹಾಗೆ. ಮಗಳು ನನ್ನ ಮಾತನ್ನೇ ನನಗೆ ತಿರುಗಿಸಿದಳು: "ಎಲ್ಲಿ ಬರದೈತಿ, ತೋರ್ಸವ್ವಾ." ಅಲ್ಲಿಯವರೆಗೆ ಎಂದಿದೆಯೇ ಹೊರತು ಆಮೇಲೆ ಸಿಗಲಿಲ್ಲ ಎಂದು ಎಲ್ಲಿದೆ? ಸಿಕ್ಕಿವೆ ಕೂಡ. ಮಧ್ಯಪ್ರದೇಶದ ಗುಜರ್ರಾದಲ್ಲಿ, ಹೊಳೆಯಾಚೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ. ಮಾತ್ರ ಎಂಬ ಒಂದು ಪದಕ್ಕೆ ನನ್ನ ಐದಂಕ ಹೋಯಿತು, ಮೇಲೊಂದು ದಂಡ.

ಕೊನೆಯ ಸಾಲಿನ ತರ್ಕಿಸಿದ್ದರು ಎಂಬುದು ಇನ್ನೂ ಸೊಗಸು. ಬ್ರಾಹ್ಮಿ ಅಕ್ಷರಗಳ ಗುಟ್ಟನ್ನು 1837ರಲ್ಲಿ ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಅವರು, ಈ ಪ್ರಿಯದರ್ಶಿ ಸಿಂಹಳದ ಒಬ್ಬ ರಾಜನಿರಬೇಕು ಎಂದುಕೊಂಡಿದ್ದರು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅವರು ಅಲ್ಲಿನ ಪಾಲಿ ಗ್ರಂಥ ನೋಡಿ, ಅಲ್ಲ, ಇವನು ಅಶೋಕ ಎಂದು ತೋರಿಸಿದರು. ಎಂಟು ದಶಕ ಕಳೆದ ಮೇಲೆ ನಮ್ಮೂರ ಬಂಡೆ ಹೆಸರು ಹೇಳಿ ಸಾಕ್ಷಿ ನುಡಿಯಿತು. ಪರೀಕ್ಷೆಯಲ್ಲಿ ಇನ್ಫರ್ ಮಾಡಿ ಎನ್ನುತ್ತಾರಲ್ಲ, ಅದು ಟರ್ನರ್ ಮಾಡಿದ ಕೆಲಸ. ಬರೆದಿರುವುದರಿಂದ ಹೊರಡಿಸಿದ ಊಹೆ. ನಮ್ಮ ತಮ್ಮ ಮಾಡಿದ್ದು ಬರೀ ಊಹೆ. ಇವೆರಡರ ಅಂತರ ತಿಳಿದ ದಿನ ಮಗಳ ಮುಖ ನೋಡಬೇಕಿತ್ತು.

ಇನ್ನು ಹೊತ್ತಿನ ಮಾತು. ಐವತ್ತಕ್ಕೆ ಅರವತ್ತು ನಿಮಿಷ ಎಂದರೆ ಒಂದು ಪ್ರಶ್ನೆಗೆ ಎಪ್ಪತ್ತೆರಡು ಸೆಕೆಂಡು. ಗಡಿಯಾರ ನೋಡುತ್ತ ಕೂತರೆ ಅವಳಿಗೆ ಗಾಬರಿ. ಅದಕ್ಕೆ ರೊಟ್ಟಿಯ ಲೆಕ್ಕ ಹಾಕಿದೆವು. ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಸುಟ್ಟು ತೆಗೆಯಲು ನನಗೆ ಎರಡು ನಿಮಿಷದ ಮೇಲೆ ಬೇಕು. ಸುಮಾರು ಮುನ್ನೂರು ಪದದ ಪ್ಯಾಸೇಜ್ ಓದಿ ಐದು ಪ್ರಶ್ನೆ ಬಿಡಿಸಲು ನಾಲ್ಕು ರೊಟ್ಟಿ. ಮೊದಮೊದಲು ಏಳು ರೊಟ್ಟಿಯಾದರೂ ಮುಗಿಯುತ್ತಿರಲಿಲ್ಲ, ಪುಟ್ಟಿ ತುಂಬುತ್ತಿತ್ತು. ಮಾರ್ಚ್ ಹೊತ್ತಿಗೆ ನಾಲ್ಕಕ್ಕೆ ಬಂದಳು. ಪ್ರಶ್ನೆಗಳ ಮೇಲೆ ಮೊದಲೊಮ್ಮೆ ಕಣ್ಣಾಡಿಸಿ ಆಮೇಲೆ ಪ್ಯಾಸೇಜ್ ಓದುವುದು ಅವಳಿಗೆ ಒಗ್ಗಿತು. ನಿಮ್ಮ ಮಗುವಿಗೆ ಒಗ್ಗದಿದ್ದರೆ ಬೇಡ.

ದಂಡದ ಹೆದರಿಕೆಗೆ ಮೊದಲ ಸಲ ಹದಿನಾಲ್ಕು ಪ್ರಶ್ನೆ ಬಿಟ್ಟು ಬಂದಿದ್ದಳು. ಸ್ವಲ್ಪ ವ್ಯಾಪಾರದ ಬುದ್ಧಿಯಿಂದ ಯೋಚಿಸಿ. ನಾಲ್ಕು ಉತ್ತರಗಳಲ್ಲಿ ಎರಡು ಖಂಡಿತ ಅಲ್ಲವೆಂದು ಗೊತ್ತಾದರೆ, ಉಳಿದೆರಡರಲ್ಲಿ ಒಂದನ್ನು ಹಿಡಿದಾಗ ಸಿಕ್ಕರೆ ಐದು, ಹೋದರೆ ಒಂದು. ಇಂಥ ಸಂತೆಯಲ್ಲಿ ಕೈಕಟ್ಟಿ ನಿಲ್ಲುವವರುಂಟೇ? ಆದರೆ ನಿಮ್ಮ ಮಕ್ಕಳು ಬರೆಯುವ ಪರೀಕ್ಷೆಯ ನಿಯಮ ಬೇರೆಯಿದ್ದೀತು, ಆ ವರ್ಷದ ಸೂಚನೆ ನೋಡಿಯೇ ಲೆಕ್ಕ ಹಾಕಿ.

ಪುಸ್ತಕಕ್ಕೆ ಹೆಚ್ಚು ದುಡ್ಡು ಸುರಿಯಬೇಡಿ. ಎನ್‌ಸಿಇಆರ್‌ಟಿಯ ಒಂಬತ್ತರಿಂದ ಹನ್ನೆರಡರವರೆಗಿನ ಇಂಗ್ಲಿಷ್ ಪಠ್ಯಗಳು ಅವರ ಜಾಲತಾಣದಲ್ಲಿ ಉಚಿತ. ಯಾವುದಾದರೂ ಒಂದು ಪುಟ ತೆಗೆದು ಮಕ್ಕಳೇ ಪ್ರಶ್ನೆ ಮಾಡಲಿ. ಪ್ರಶ್ನೆ ಹಾಕುವವನ ಕುಯುಕ್ತಿ ತಿಳಿಯಬೇಕಾದರೆ ತಾನೇ ತಪ್ಪು ಉತ್ತರಗಳನ್ನು ಕಟ್ಟಿ ನೋಡಬೇಕು. ದಿನಕ್ಕೆ ಒಂದೇ ಪ್ಯಾಸೇಜ್ ಸಾಕು, ತಪ್ಪಿದ್ದು ಯಾಕೆ ತಪ್ಪಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ನಮ್ಮವಳ ನೋಟ್‌ಬುಕ್ಕಿನಲ್ಲಿ "ನಮ್ಮ ಹೊಲ" ಎಂಬ ಮಾತು ಹನ್ನೊಂದು ಸಲ ಇತ್ತು. ಸ್ವಂತ ತಿಳಿವಳಿಕೆ ಅಡ್ಡ ಬಂದದ್ದಕ್ಕೆಲ್ಲ ಅವಳು ಇಟ್ಟ ಹೆಸರು ಅದು.

ಎರಡನೆಯ ಸಲದ ಪರೀಕ್ಷೆ ಮುಗಿಸಿ ಹೊರಗೆ ಬಂದವಳೇ ಫೋನ್ ಮಾಡಿದಳು. ಎರಡೇ ಪ್ರಶ್ನೆ ಬಿಟ್ಟಳಂತೆ. ಫಲಿತಾಂಶ ಇನ್ನೂ ಬಂದಿಲ್ಲ. ಗಂಡಿನ ಕಡೆಯವರು ಮೊನ್ನೆ ಮತ್ತೆ ಕೇಳಿ ಕಳಿಸಿದ್ದರು; ನಮ್ಮವರು ಕಾಗದ ಬರಲಿ, ನೋಡೋಣ ಎಂದು ಹೇಳಿ ಕಳಿಸಿದರು. ಆ ನೋಟ್‌ಬುಕ್ಕು ಈಗ ಪಕ್ಕದ ಮನೆಯ ಹುಡುಗಿಯ ಹತ್ತಿರ ಇದೆ. ಸಂಜೆ ನಾನು ಒಲೆ ಹಚ್ಚುವ ಹೊತ್ತಿಗೆ ಸರಿಯಾಗಿ ಸೀಸದ ಕಡ್ಡಿ ಹಿಡಿದುಕೊಂಡು ಬರುತ್ತಾಳೆ. ಸದ್ಯಕ್ಕೆ ಆರು ರೊಟ್ಟಿಯಲ್ಲಿದ್ದಾಳೆ.