ಏಳರ ನಂತರ ಮಗುವಿನ ತಲೆಯಲ್ಲಿ ಏನಾಗುತ್ತೆ?

ಅಗಲ ಲೋಟದ ನೀರನ್ನ
ಉದ್ದನೆಯ ಸಪೂರ ಲೋಟಕ್ಕೆ ಸುರಿದರೆ
ನೀರು ಜಾಸ್ತಿ ಆಗುತ್ತಾ?

ಐದು ವರ್ಷದ ಮಗುವನ್ನ ಕೇಳಿ.
"ಹೂಂ, ಜಾಸ್ತಿ ಆಯ್ತು!"

ಎಂಟು ವರ್ಷದ ಮಗುವನ್ನ ಕೇಳಿ.
"ಅಷ್ಟೇ ಇದೆಯಲ್ಲಾ!
ಲೋಟ ಸಪೂರ, ಅದಕ್ಕೆ ಮೇಲೆ ಬಂತು."

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ
ಮಾಡಿದ ಹೆಸರಾಂತ ಪ್ರಯೋಗ ಇದು.

ಚಿಕ್ಕ ಮಗುವಿನ ಗಮನ ಟಾರ್ಚ್ ಬೆಳಕಿನ ಥರ.
ಬೀಳೋದು ಒಂದೇ ಕಡೆ:
ನೀರಿನ ಎತ್ತರದ ಮೇಲೆ.
ಸುಮಾರು ಏಳರ ಹೊತ್ತಿಗೆ
ಕೋಣೆಯ ಟ್ಯೂಬ್‌ಲೈಟ್ ಹತ್ತುತ್ತೆ.
ಎತ್ತರ, ಅಗಲ, ಎರಡೂ ಒಟ್ಟಿಗೆ ಕಾಣುತ್ತೆ.

ಆದರೆ ಒಂದು ಮಾತು.
ಈ ವಯಸ್ಸಿಗೆ ಲೆಕ್ಕ ಕಣ್ಣಿಗೆ ಕಾಣಬೇಕು,
ಕೈಗೆ ಸಿಗಬೇಕು.
ಕಾಲು ಭಾಗ, ಅರ್ಧ ಭಾಗ ಹೇಳಿಕೊಡಬೇಕಾ?
ಚಪಾತಿ ಹರಿದು ತೋರಿಸಿ.

ಇನ್ನೊಂದು ವಿಷಯ, ತುಂಬಾ ಮುಖ್ಯ.
ಎರಡನ್ನ ಪಕ್ಕಪಕ್ಕ ಇಟ್ಟು ನೋಡೋ ಮಗು
ತನ್ನನ್ನೂ ಹಾಗೇ ನೋಡಿಕೊಳ್ಳುತ್ತೆ.
"ಅವಳಿಗೆ ನನಗಿಂತ ಜಾಸ್ತಿ ಮಾರ್ಕ್ಸ್."
"ಅವನು ನನಗಿಂತ ಜೋರಾಗಿ ಓಡ್ತಾನೆ."

ಹೋಲಿಕೆ ಅದರ ತಲೆಯಲ್ಲೇ ನಡೀತಾ ಇದೆ.
ನಾವೂ ಸೇರಿಸೋದು ಬೇಡ.
"ಪಕ್ಕದ ಮನೆ ಹುಡುಗನ್ನ ನೋಡು" ಅನ್ನಬೇಡಿ.
"ಹೋದ ತಿಂಗಳು ಈ ಲೆಕ್ಕ ಬರ್ತಿರಲಿಲ್ಲ,
ಈಗ ನೀನೇ ಮಾಡ್ತೀಯ" ಅನ್ನಿ.

ಇವತ್ತೇ ಹೇಳಿ ನೋಡಿ.