ಆವಿಯಲ್ಲಿ ಬೆರೆತ ರುಚಿ

ಬ್ರಿಟನ್ನಿನಲ್ಲಿ ಸಿಗರೇಟು ಬಿಡಲೆಂದು ಇ-ಸಿಗರೇಟಿಗೆ ಹೊರಳುವ ವಯಸ್ಕರಿಗೆ ಮೊದಲು ಎದುರಾಗುವ ತೊಡಕೆಂದರೆ, ಅದರಲ್ಲಿ ತುಂಬುವ ದ್ರವದ ಹತ್ತುಹಲವು ರುಚಿಗಳಲ್ಲಿ ತಮಗೆ ಒಗ್ಗುವುದನ್ನು ಆರಿಸಿಕೊಳ್ಳುವುದು. ಈ ದ್ರವದ ಬಹುಭಾಗ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ತೆಳುವಾದ ಮೊದಲನೆಯದು ಪರಿಮಳವನ್ನು ಚೆನ್ನಾಗಿ ಹೊತ್ತೊಯ್ದು ಗಂಟಲಿನಲ್ಲಿ ಸಿಗರೇಟಿನಂಥ ಕೆರೆತವನ್ನು ಉಂಟುಮಾಡಿದರೆ, ಮಂದವಾದ ಎರಡನೆಯದು ತಾನೇ ತುಸು ಸಿಹಿಯಾಗಿದ್ದು ದಟ್ಟ ಆವಿಯನ್ನು ಕೊಡುತ್ತದೆ. ರುಚಿಯೆಂದು ಅನುಭವಕ್ಕೆ ಬರುವುದು ಬಹುಪಾಲು ವಾಸನೆಯೇ ಆದ್ದರಿಂದ, ಧೂಮಪಾನದಿಂದ ಘ್ರಾಣಶಕ್ತಿ ಕುಂದಿದವರಿಗೆ ಆರಂಭದಲ್ಲಿ ಎಲ್ಲವೂ ಸಪ್ಪೆಯೆನಿಸುವುದುಂಟು. ಒಂದೇ ಪರಿಮಳವನ್ನು ದಿನವಿಡೀ ಸೇವಿಸಿದರೂ ಮೂಗು ಅದಕ್ಕೆ ಒಗ್ಗಿಹೋಗಿ ಗುರುತಿಸುವುದನ್ನೇ ಬಿಡುತ್ತದೆ. ತಂಬಾಕಿನ ರುಚಿಯೆಂದು ಮಾರುವ ದ್ರವದಲ್ಲಿ ಸುಡುವ ಎಲೆಯ ಹೊಗೆ ಇಲ್ಲದ ಕಾರಣ, ಹಳೆಯ ಸಿಗರೇಟಿನ ನೆನಪಿನೊಡನೆ ಅದು ಸುಲಭವಾಗಿ ಹೊಂದದು. ಹಾಗಾಗಿ ಹಲವರು ಹಣ್ಣು, ಪುದೀನಗಳತ್ತ ಸರಿಯುತ್ತಾರೆ.

ಆದರೆ ನಾಲಿಗೆಗೆ ಹಿತವಾದದ್ದು ಶ್ವಾಸಕೋಶಕ್ಕೂ ಹಿತವೆಂದು ತಿಳಿಯುವುದು ದೊಡ್ಡ ತಪ್ಪು. ಬೆಣ್ಣೆಯ ಪರಿಮಳ ನೀಡುವ ಡೈಅಸಿಟೈಲ್ ಎಂಬ ರಾಸಾಯನಿಕ ತಿನಿಸುಗಳಲ್ಲಿ ಬಳಕೆಯಲ್ಲಿದ್ದರೂ, ಅಮೆರಿಕದ ಪಾಪ್‌ಕಾರ್ನ್ ಕಾರ್ಖಾನೆಗಳಲ್ಲಿ ಅದರ ಆವಿಯನ್ನು ಉಸಿರಾಡಿದ ಕಾರ್ಮಿಕರಲ್ಲಿ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಕಾಣಿಸಿಕೊಂಡಿತು. ಬ್ರಿಟನ್ ಅದನ್ನು ಇ-ಸಿಗರೇಟಿನ ದ್ರವಗಳಲ್ಲಿ ನಿಷೇಧಿಸಿದ್ದಲ್ಲದೆ, ನಿಕೋಟಿನ್ ಪ್ರಮಾಣವನ್ನು ಮಿಲಿಲೀಟರಿಗೆ 20 ಮಿಲಿಗ್ರಾಂಗೆ ಮಿತಿಗೊಳಿಸಿದೆ. ಎಂದೂ ಸಿಗರೇಟು ಸೇದದ ಮಕ್ಕಳನ್ನು ಇದೇ ಹಣ್ಣು, ಮಿಠಾಯಿಗಳ ರುಚಿ ನಿಕೋಟಿನ್ ಚಟಕ್ಕೆ ಎಳೆಯುತ್ತಿರುವುದು ಇನ್ನೂ ಕಳವಳದ ಸಂಗತಿ. ಭಾರತದಲ್ಲಂತೂ 2019ರ ಕಾಯ್ದೆಯು ಇ-ಸಿಗರೇಟುಗಳ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳೆಲ್ಲವನ್ನೂ ನಿಷೇಧಿಸಿದೆ.